1,500ಕ್ಕೆ ನಾಯಿ ಆಪರೇಷನ್ ಅಂತ ಮೆಸೇಜ್ ಬಂದ್ರೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಬಿಪಿಎಲ್ ಕಾರ್ಡ್ ಇರೋರಿಗೆ ಸಹಾಯಧನದಲ್ಲಿ ನಾಯಿ ಬೆಕ್ಕಿಗೆ ಸಂತಾನಹರಣ ಆಪರೇಷನ್, ಬರೀ 1,500 ರೂಪಾಯಿ, ಮನೆಯಿಂದಾನೇ ಕರ್ಕೊಂಡೋಗಿ ಮನೇಗೇ ತಂದು ಬಿಡ್ತೀವಿ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ. ನಮ್ಮ ಪೀಣ್ಯ ಕಡೆ ವಠಾರಗಳಲ್ಲಿ ಸುಮಾರು ಜನ ಕೊಟ್ಟಿದ್ದಾರೆ, ನಾನೂ ಕೊಟ್ಟೆ. ನಮ್ಮ ನಾಯಿ ಲಚ್ಚಿಗೆ ಆಪರೇಷನ್ನೇ ಆಗಿಲ್ಲ. ಹೊಟ್ಟೆ ಮೇಲಿನ ಚರ್ಮ ಕುಯ್ದು ಹೊಲಿಗೆ ಹಾಕಿ ಕಳ್ಸಿದ್ದಾರೆ ಅಷ್ಟೇ.

ಯಾಕೆ ಜನ ಕೊಡ್ತಾರೆ ಅಂದ್ರೆ, ಪ್ರೈವೇಟ್ ಕ್ಲಿನಿಕ್ಕಲ್ಲಿ ಕೇಳಿದ್ರೆ ಹೆಣ್ಣುನಾಯಿಗೆ ಏಳೆಂಟು ಸಾವಿರದಿಂದ ಶುರು ಮಾಡ್ತಾರೆ, ಬ್ಲಡ್ ಟೆಸ್ಟು ಬೇರೆ, ಗಾರ್ಮೆಂಟ್ಸ್ ಸಂಬಳದಲ್ಲಿ ಬಾಡಿಗೆ ಚೀಟಿ ಕಟ್ಟಿದ್ಮೇಲೆ ಅದೆಲ್ಲಿಂದ ತರೋದು. ಈ ಕಡೆ ಓನರ್ರು ನಾಯಿ ಮರಿ ಹಾಕಿದ್ರೆ ಮನೆ ಖಾಲಿ ಮಾಡ್ಕೊಳ್ಳಿ ಅಂತಾರೆ. ನಾಯಿ ಗಬ್ಬ ಆದ್ರೆ ಎರಡು ತಿಂಗಳು ಅಷ್ಟೇ, 63 ದಿನಕ್ಕೆಲ್ಲ ಮರಿ ಬಂದುಬಿಡುತ್ತೆ, ಯೋಚನೆ ಮಾಡೋಕೂ ಟೈಮ್ ಇರಲ್ಲ.

ನಾಯಿ ಕರ್ಕೊಂಡೋಗೋಕೆ ಬಂದೋನು ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡಿದ್ದ, ಅಕ್ಕಾ ಅಕ್ಕಾ ಅಂತ ಬಲು ಮರ್ಯಾದೆಯಿಂದ ಮಾತಾಡಿದ. ರೇಷನ್ ಕಾರ್ಡು ಆಧಾರ್ ಜೆರಾಕ್ಸ್ ಕೇಳಿದ, ಗೃಹಲಕ್ಷ್ಮಿಗೆ ಕೊಟ್ಟು ಕೊಟ್ಟು ನಮಗೆಲ್ಲ ಅದು ಅಭ್ಯಾಸ ಆಗೋಗಿದೆ, ತೆಗೆದು ಕೊಟ್ವಿ. ಲಚ್ಚಿ ಬೆಳಗ್ಗೆ ಅನ್ನ ಮೊಟ್ಟೆ ತಿಂದಿತ್ತು, ತಿಂದಿದೆ ಕಣಪ್ಪಾ ಅಂದ್ರೆ ಪರವಾಗಿಲ್ಲ ಅಕ್ಕಾ ಅಂದ. ತೂಕ ನೋಡ್ಲಿಲ್ಲ, ಎಷ್ಟು ವಯಸ್ಸು ಅಂತ ಕೇಳ್ಲಿಲ್ಲ, ಮುಂಚೆ ಮರಿ ಹಾಕಿದ್ಯಾ, ಹೀಟ್‌ಗೆ, ಅಂದ್ರೆ ಬೆದೆಗೆ, ಯಾವಾಗ ಬಂದಿತ್ತು, ಏನೂ ಇಲ್ಲ. ಗೂಡ್ಸ್ ಆಟೋದಲ್ಲಿ ಇನ್ನೂ ನಾಲ್ಕೈದು ನಾಯಿ ಇತ್ತು, ಅದರ ಜೊತೆಗೇ ಹತ್ತಿಸ್ಕೊಂಡು ಹೋದ. ಎಲ್ಲಿ ಮಾಡ್ತೀರಾ ಅಂದ್ರೆ ನಮ್ಮ ಸೆಂಟರಲ್ಲಿ ಅಂತಾನೆ, ಸೆಂಟರ್ ಎಲ್ಲಿದೆ ಅಂದ್ರೆ ಲೊಕೇಶನ್ ಕಳಿಸ್ತೀನಿ ಅಂತಾನೆ, ಅದು ಬರ್ಲೇ ಇಲ್ಲ. ರೇಬಿಸ್ ಇಂಜೆಕ್ಷನ್ ಅಂತ ಮೇಲೆ 300 ಬೇರೆ ಇಸ್ಕೊಂಡ.

ಸಂಜೆ ಆರಕ್ಕೆಲ್ಲ ವಾಪಸ್ ತಂದು ಬಿಟ್ಟ. ನಾಯಿ ತೂರಾಡ್ತಾ ಇತ್ತು, ಹೊಟ್ಟೆ ಮೇಲೆ ಕೂದಲು ಬೋಳಿಸಿ ಎರಡು ಇಂಚು ಗಾಯ, ಕಪ್ಪು ದಾರದ ಹೊಲಿಗೆ, ಕಿವಿ ತುದಿ ಬೇರೆ ಕತ್ತರಿಸಿದ್ದ, ಬೀದಿನಾಯಿಗೆ ಆಪರೇಷನ್ ಆದ ಗುರುತಿಗೆ ಮಾಡ್ತಾರಲ್ಲ ಹಂಗೆ. ಬಿಲ್ ಇಲ್ಲ, ಮಾತ್ರೆ ಚೀಟಿ ಇಲ್ಲ, ಹೊಲಿಗೆ ನೆಕ್ಕದೇ ಇರೋಕೆ ಕತ್ತಿಗೆ ಕಾಲರ್ ಇಲ್ಲ. ನೋವು ಅನ್ನಿಸಿದ್ರೆ ಡೋಲೋ ಅರ್ಧ ಕೊಡಿ ಅಂದು ಹೋದ. ಅದೇ ಮಾತು ಪಕ್ಕದ ಮನೆ ಮಂಜಕ್ಕನ ಬೆಕ್ಕಿಗೂ ಹೇಳಿದ್ದಾನೆ! ಡೋಲೋ ಅಂದ್ರೆ ಪ್ಯಾರಾಸಿಟಮಾಲ್, ಅದು ಬೆಕ್ಕಿಗೆ ವಿಷ ಕಣ್ರಪ್ಪಾ, ಒಂದು ಚೂರು ಮಾತ್ರೆಗೇ ಬೆಕ್ಕು ಸಾಯಬಹುದು. ಮಂಜಕ್ಕನ ಬೆಕ್ಕು ಮಾತ್ರೆ ಉಗಿದು ಅಟ್ಟ ಹತ್ತಿದ್ದಕ್ಕೆ ಉಳ್ಕೊಂಡಿದೆ.

ಗಾಯ ಹೆಂಗೋ ಒಣಗ್ತು. ಆಮೇಲೆ ಒಂದಷ್ಟು ತಿಂಗಳು ಆದ್ಮೇಲೆ ನೆಲದ ಮೇಲೆ ರಕ್ತದ ಹನಿ, ಗೇಟ್ ಮುಂದೆ ಏರಿಯಾದ ಗಂಡುನಾಯಿಗಳೆಲ್ಲ ಹಾಜರ್. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಡಾಕ್ಟರ್ ಮೇಡಂ ಮೊದಲು ಹೇಳಿದ್ದು, ಸರಿಯಾಗಿ ಮಾಡಿದ ಆಪರೇಷನ್ನಲ್ಲೂ ಒಂದೊಂದ್ಸಲ ಅಂಡಾಶಯದ ಚೂರು ಉಳ್ಕೊಂಡ್ರೆ ಹಿಂಗೆ ಹೀಟ್ ಬರುತ್ತೆ, ಸುಮ್ನೆ ಯಾರನ್ನೂ ಬೈಯೋದು ಬೇಡ, ನೋಡೋಣ ಅಂತ. ಸ್ಕ್ಯಾನ್ ಮಾಡಿದ್ರೆ ಗರ್ಭಕೋಶ ಪೂರ್ತಿ ಇದೆ, ಎರಡು ಅಂಡಾಶಯಾನೂ ಇದೆ. "ಏನಮ್ಮ, ಒಳಗಡೆ ಕೈಯೇ ಹಾಕಿಲ್ವಲ್ಲ" ಅಂದ್ರು. ಹೀಟಲ್ಲಿ ಇರೋವಾಗ ರಕ್ತ ಜಾಸ್ತಿ ಹೋಗುತ್ತೆ, ಈಗ ಮಾಡಲ್ಲ, ಎರಡು ಮೂರು ತಿಂಗಳು ಬಿಟ್ಟು ಬನ್ನಿ, ಅಲ್ಲೀವರ್ಗೂ ಹೊರಗೆ ಬಿಡಬೇಡಿ ಅಂತ ಕಳಿಸಿದ್ರು. ರೇಬಿಸ್ ಲಸಿಕೆಗೆ ಕಾರ್ಡ್ ತೋರಿಸಿ ಅಂದ್ರು, ಎಲ್ಲಿದೆ ಕಾರ್ಡು, ಲಸಿಕೆ ಬಾಟ್ಲಿ ಮೇಲಿರೋ ಬ್ಯಾಚ್ ನಂಬರ್ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸ್ಬೇಕಂತೆ, ಅದಿಲ್ಲ ಅಂದ್ರೆ ಹಾಕಿದ್ದಾರೆ ಅಂತ ನಂಬೋ ಹಂಗಿಲ್ಲ ಅಂತ ಹೊಸದಾಗಿ ಹಾಕಿದ್ರು. ನನಗೆ 1,500ಕ್ಕಿಂತ ಈ ರೇಬಿಸ್ ವಿಷ್ಯಕ್ಕೇ ಹೊಟ್ಟೆ ಉರಿಯೋದು, ಮನೇಲಿ ಮಕ್ಕಳು ಅದರ ಬಾಯೊಳಗೆ ಕೈ ಹಾಕಿ ಆಡ್ತಾವೆ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ಬೀದಿನಾಯಿಗೆ ಆಪರೇಷನ್ ಮಾಡ್ಸೋದು ಪಾಲಿಕೆ ಕೆಲಸ, ಅದಕ್ಕೆ ನೀವು ದುಡ್ಡು ಕೊಡ್ಬೇಕಾಗಿಲ್ಲ. ಸಾಕಿರೋ ನಾಯಿದಾದ್ರೆ 2023ರ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದ್ರೆ ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಮಾಲೀಕರ ಜವಾಬ್ದಾರಿ. ಈ ವ್ಯತ್ಯಾಸ ಗೊತ್ತಿಲ್ದೇ ಇರೋದ್ರಿಂದಾನೇ ಸರ್ಕಾರದ ಸ್ಕೀಮು ಅಂತ ಯಾರು ಹೇಳಿದ್ರೂ ನಂಬ್ತೀವಿ. ಅದೇ ನಿಯಮದಲ್ಲಿ ಬೀದಿನಾಯಿಗೂ ಆಪರೇಷನ್ ಆದ್ಮೇಲೆ ಕಮ್ಮಿ ಅಂದ್ರೆ ನಾಲ್ಕು ದಿನ ಇಟ್ಕೊಂಡು ನೋಡ್ಕೋಬೇಕು ಅಂತ ಇದೆ, ತೆಗೆದ ಅಂಗಗಳನ್ನೂ ಎತ್ತಿಟ್ಟು ಲೆಕ್ಕ ಕೊಡಬೇಕು. ಅಂದ್ಮೇಲೆ ನಿಮ್ಮ ನಾಯಿದು ತೆಗೆದಿದ್ದು ತೋರ್ಸಿ, ಇಲ್ಲ ಫೋಟೋನಾದ್ರೂ ಕಳ್ಸಿ ಅಂತ ಕೇಳೋದ್ರಲ್ಲಿ ಯಾವ ನಾಚ್ಕೆನೂ ಇಲ್ಲ. ಡಾಕ್ಟ್ರು ಯಾರು, ವೆಟರ್ನರಿ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಎಷ್ಟು ಅಂತಾನೂ ಕೇಳಿ. 1984ರಿಂದ ಇದಕ್ಕೆ ಕಾಯ್ದೆ ಇದೆ, ನೋಂದಣಿ ಇಲ್ದೋರು ಆಪರೇಷನ್ ಮಾಡೋ ಹಂಗೇ ಇಲ್ಲ. ನಿಜವಾದ ಡಾಕ್ಟ್ರು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ನಮ್ಮೋನು ಮಾತ್ರ ನಂಬಿಕೆ ಇಲ್ವಾ ಅಕ್ಕಾ ಅಂದ.

ಕಮ್ಮಿ ದುಡ್ಡಲ್ಲಿ ಆಗ್ಬೇಕು ಅಂದ್ರೆ ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ ಕೇಳಿ. ಬೆಂಗಳೂರಲ್ಲಿ ಕ್ವೀನ್ಸ್ ರಸ್ತೇಲಿ ಇದೆ, ಹೆಬ್ಬಾಳ ಇದ್ದೇ ಇದೆ. ಕಾಯ್ಬೇಕು, ಒಂದು ದಿನ ರಜೆ ಹಾಕ್ಬೇಕು, ನಿಜ. ಹಂಗಂತ ಅಷ್ಟು ದಿನ ತಡೀಲಿ ಅಂತ ಯಾರ್ಯಾರ್ದೋ ಮಾತು ಕೇಳಿ ಹೀಟ್ ನಿಲ್ಲಿಸೋ ಇಂಜೆಕ್ಷನ್ ಹಾಕ್ಸೋಕೆ ಹೋಗ್ಬೇಡಿ, ಆ ಹಾರ್ಮೋನಿಂದ ಗರ್ಭಕೋಶದಲ್ಲಿ ಕೀವು ತುಂಬ್ಕೊಂಡು ಜೀವಕ್ಕೇ ಬರಬಹುದು, ಆಗ ಎಮರ್ಜೆನ್ಸಿ ಆಪರೇಷನ್ನಿಗೆ ಇನ್ನೂ ಜಾಸ್ತಿ ಖರ್ಚು.

ನಾವು ವಠಾರದೋರೆಲ್ಲ ಸೇರಿ ಸ್ಟೇಷನ್ನಿಗೆ ದೂರು ಬರ್ಕೊಟ್ಟಿದ್ದೀವಿ, ಹೆಬ್ಬಾಳದ ಸ್ಕ್ಯಾನ್ ರಿಪೋರ್ಟೂ ಜೊತೆಗಿಟ್ಟಿದ್ದೀವಿ. ನಿಮ್ಮದೂ ಇಂಥೋರ ಹತ್ರ ಆಗಿದ್ರೆ ಕಿವಿ ಕತ್ತರಿಸಿದೆ ಅಂತ ಸುಮ್ನಾಗ್ಬೇಡಿ, ಹೆಣ್ಣಾದ್ರೆ ಮುಂದಿನ ಹೀಟ್ ಬರೋ ಮುಂಚೆ ಒಂದ್ಸಲ ಸ್ಕ್ಯಾನ್ ಮಾಡ್ಸಿ, ಫೋನ್‌ಪೇ ಸ್ಕ್ರೀನ್‌ಶಾಟು, ಅವನು ಕಳಿಸಿದ ಮೆಸೇಜು ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಸ್ಟೇಷನ್ನಲ್ಲಿ ಮೊದಲು ಅದನ್ನೇ ಕೇಳೋದು.