ಹಾಸನದಲ್ಲಿ ಕೊಂಡ ಒಂದು ಜೊತೆ ಹಿತ್ತಾಳೆ ದೀಪ: ನಾಲ್ಕು ವರ್ಷಗಳ ಬಳಕೆಯ ನಂತರ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಒಂದು ಹಳೆಯ ಪಾತ್ರೆ ಅಂಗಡಿಯಲ್ಲಿ ನಾಲ್ಕು ವರ್ಷಗಳ ಹಿಂದೆ ನಾನು ಒಂದು ಜೊತೆ ಹಿತ್ತಾಳೆಯ ದೀಪದ ಕಂಬಗಳನ್ನು ಕೊಂಡೆ. ಒಂದೊಂದೂ ಒಂಬತ್ತು ಇಂಚು ಎತ್ತರ, ಐದು ಬಾಯಿಯ ಬಟ್ಟಲು, ತುದಿಯಲ್ಲಿ ಸಣ್ಣದೊಂದು ಹಂಸ. ಎರಡೂ ಸೇರಿ ಒಂದೂವರೆ ಕಿಲೋಗಿಂತ ತುಸು ಕಡಿಮೆ ತೂಗಿದವು, 1,450 ರೂಪಾಯಿ ಕೊಟ್ಟೆ. ಅಂದಿನಿಂದ ಇಂದಿನವರೆಗೆ, ಊರಿನಲ್ಲಿಲ್ಲದ ದಿನಗಳನ್ನು ಬಿಟ್ಟರೆ, ಪ್ರತಿ ಮುಸ್ಸಂಜೆ ಅವು ನಮ್ಮ ಮನೆಯಲ್ಲಿ ಉರಿದಿವೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ದೇವರಿಲ್ಲವೆಂದು ನಂಬಿ, ಹಾಗೆಯೇ ಹೇಳಿಕೊಂಡು ಬಂದ ಮನೆ ಇದು. ಆದ್ದರಿಂದ ದೀಪವನ್ನು ವಿಮರ್ಶಿಸುವಾಗ ಅದನ್ನು ಹಚ್ಚಿದ ಕೈಯ ಸಂಗತಿಯನ್ನೂ ಹೇಳದೆ ಇರಲಾರೆ.

ಮೊದಲು ವಸ್ತುವಿನ ಮಾತು. ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಕಬ್ಬಿಣದ ಮೇಲೆ ಬಣ್ಣ ಏರಿಸಿದ ಮಾಲಾದರೆ ಕೂಡಲೇ ಹಿಡಿದುಕೊಳ್ಳುತ್ತದೆ. ಅಂಗಡಿಯ ಯಜಮಾನರು ನನ್ನ ಪರೀಕ್ಷೆಗೆ ಬೇಸರಿಸಿಕೊಳ್ಳಲಿಲ್ಲ, ‘ಪೀಠದ ತಳಕ್ಕೂ ಹಿಡಿದು ನೋಡಿ’ ಎಂದು ತಾವೇ ಬೋರಲು ಹಾಕಿ ಕೊಟ್ಟರು. ಇದು ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದ್ದೇ ಎಂದು ಕೇಳಿದ್ದಕ್ಕೆ, ಅಲ್ಲ, ಉತ್ತರದ ಮೊರಾದಾಬಾದಿನಿಂದ ಬಂದದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗಿರಾಕಿಗೆ ಇಷ್ಟವಾಗುವ ಉತ್ತರ ಯಾವುದೆಂದು ಗೊತ್ತಿದ್ದೂ ನಿಜ ಹೇಳಿದ ಆ ಒಂದು ಮಾತಿಗಾಗಿಯೇ ಅಲ್ಲಿ ಕೊಂಡೆ.

ದೋಷವಿಲ್ಲದೆ ಇಲ್ಲ. ಬಟ್ಟಲು ಕಂಬಕ್ಕೆ ತಿರುಪಿನಿಂದ ಕೂರುತ್ತದೆ. ಎರಡರಲ್ಲಿ ಒಂದರ ತಿರುಪು ಸಡಿಲವಾಗಿದ್ದು, ಬೆಳಗಾಗುವಷ್ಟರಲ್ಲಿ ಎಣ್ಣೆ ಜಿನುಗಿ ಪೀಠದ ಸುತ್ತ ಕಟ್ಟಿ ನಿಲ್ಲುತ್ತಿತ್ತು. ತಿರುಪಿಗೆ ನಾಲ್ಕು ಸುತ್ತು ಹತ್ತಿಯ ದಾರ ಸುತ್ತಿ ಬಿಗಿದ ಮೇಲೆ ನಿಂತಿತು. ಹೊಸ ದೀಪಕ್ಕೆ ಹೊಳಪಿನ ಲೇಪವೊಂದಿರುತ್ತದೆ, ಅದು ಮೊದಲ ವಾರ ಬತ್ತಿಯ ಬಾಯಲ್ಲಿ ಕಮಟಾಗಿ ಸುಡುತ್ತದೆ. ಆಮೇಲೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಾ ಬಂದಿದ್ದೇನೆ. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಿಲುಬನ್ನು ಕರಗಿಸುತ್ತದೆ, ಆದರೆ ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸದಿದ್ದರೆ ಮರುದಿನವೇ ಕಲೆ.

ಎಣ್ಣೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ‘ದೀಪದ ಎಣ್ಣೆ’ ಎಂದು ಪ್ಯಾಕೆಟ್ಟಿನಲ್ಲಿ ಬರುವ ಬೆರಕೆಯಲ್ಲಿ ಹೊಗೆ ಹೆಚ್ಚು. ತುಪ್ಪ, ಕೊಬ್ಬರಿ ಎಣ್ಣೆ ಎರಡೂ ನಮ್ಮೂರಿನ ಚಳಿಗೆ ಆಗಿ ಬರುವುದಿಲ್ಲ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಧನುರ್ಮಾಸದ ಬೆಳಗಿನಲ್ಲಿ ಎರಡೂ ಬಟ್ಟಲಿನಲ್ಲೇ ಹೆಪ್ಪುಗಟ್ಟುತ್ತವೆ. ಎಳ್ಳೆಣ್ಣೆಯೇ ಸರಿ. ಹತ್ತಿಯ ಎಳೆಗಳ ನಡುವಿನ ಕಿರುಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ, ತುದಿಯ ಬಿಸಿಗೆ ಆವಿಯಾಗುತ್ತದೆ, ಉರಿಯುವುದು ಆ ಆವಿ. ಬತ್ತಿ ದಪ್ಪವಾದರೆ ಏರುವ ಎಣ್ಣೆ ಹೆಚ್ಚಾಗಿ, ಪೂರ್ತಿ ಉರಿಯಲಾರದೆ ಮಸಿ ಕಕ್ಕುತ್ತದೆ. ತೆಳುವಾಗಿ ಹೊಸೆದ ಒಂದೇ ಬತ್ತಿಗೆ 10 ಮಿಲಿಲೀಟರ್ ಎಳ್ಳೆಣ್ಣೆ ನಮ್ಮ ದೀಪದಲ್ಲಿ ಸುಮಾರು ಎರಡೂವರೆ ಗಂಟೆ ಬರುತ್ತದೆ, ಅಂದರೆ ಗಂಟೆಗೆ ನಾಲ್ಕು ಮಿಲಿಲೀಟರ್.

ಈ ಲೆಕ್ಕ ನನಗೆ ಹೊಸದಲ್ಲ. ಪದವಿ ಓದುತ್ತಿದ್ದಾಗ ಇದೇ ಲೆಕ್ಕವನ್ನು ಅಮ್ಮನ ಮುಂದೆ ಮಾಡಿ ತೋರಿಸಿದ್ದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದು, ದೀಪಾವಳಿ ಮುಗಿಯುತ್ತಿದ್ದಂತೆ ಮತ್ತೆ ಒಂದು ವರ್ಷಕ್ಕೆ ಮುಚ್ಚಿಕೊಳ್ಳುವ ನಮ್ಮ ಹಾಸನಾಂಬೆಯ ಗರ್ಭಗುಡಿಯಲ್ಲಿ, ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರದೆ ಉರಿಯುತ್ತಿರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ಊರಿನ ನಂಬಿಕೆ. ಅದನ್ನು ಬಹಿರಂಗವಾಗಿ ಪ್ರಶ್ನಿಸಿದವರೂ ಊರಿನಲ್ಲಿದ್ದಾರೆ. ವರ್ಷಕ್ಕೆ 8,760 ಗಂಟೆ, ಗಂಟೆಗೆ ನಾಲ್ಕು ಮಿಲಿಲೀಟರ್, ಒಟ್ಟು 35 ಲೀಟರ್ ಎಣ್ಣೆ ಬೇಕು, ಅಷ್ಟು ಹಿಡಿಯುವ ಬಟ್ಟಲು ಎಲ್ಲಿದೆ ಎಂದು ಕೇಳಿದ್ದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಆಗ ನಮಗೆಲ್ಲ ಆದರ್ಶ. ಅವರ ಮೇಲಿನ ಗೌರವ ಇಂದಿಗೂ ಒಂದಿಷ್ಟೂ ಕುಂದಿಲ್ಲ, ನಾನು ಮಾಡಿದ ಲೆಕ್ಕವೂ ತಪ್ಪಲ್ಲ. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಇಷ್ಟೇ ಹೇಳಿದ್ದಳು: ‘ಅಲ್ಲಿದು ಅಲ್ಲಿರ್ಲಿ ಮಗ, ಇಲ್ಲಿದು ದಿನಾ ನಾನೇ ಹಚ್ಬೇಕಲ್ಲ.’ ಆ ಮಾತು ಅರ್ಥವಾಗಲು ನನಗೆ ಅವಳ ಸಾವಿನವರೆಗೂ ಸಮಯ ಹಿಡಿಯಿತು.

ಅಮ್ಮ ತೀರಿಕೊಂಡಾಗ ಅವಳು ಮಲಗಿದ್ದ ಜಾಗದಲ್ಲಿ ದೀಪ ಇಡಬೇಕೆಂದು ಬಂಧುಗಳು ಹೇಳಿದರು, ಒಪ್ಪಿದೆ. ಅದು ಅವಳ ಇಷ್ಟವೆಂದು ಮಾಡಿದ್ದೇ ಹೊರತು ನನ್ನ ನಂಬಿಕೆಯೆಂದಲ್ಲ. ಹದಿಮೂರು ದಿನ ಕಳೆದು ಎಲ್ಲರೂ ಊರಿಗೆ ಹೋದ ಮೇಲಿನ ಸಂಜೆ, ಕತ್ತಲಾಗುತ್ತಿದ್ದಂತೆ ಅಮ್ಮನ ಮನೆಯಲ್ಲಿ ಏನು ಮಾಡಬೇಕೆಂದು ತೋಚದೆ ನಿಂತೆ. ಐವತ್ತು ವರ್ಷಗಳಿಂದ ಆ ಹೊತ್ತಿನಲ್ಲಿ ಆ ಮನೆಯಲ್ಲಿ ಒಂದು ಕೆಲಸ ನಡೆಯುತ್ತಿತ್ತು, ಅಂದು ನಡೆಯಲಿಲ್ಲ. ಅವಳ ಹಳೆಯ ದೀಪದ ಬಟ್ಟಲು ಬಿರುಕು ಬಿಟ್ಟು ಎಣ್ಣೆ ನಿಲ್ಲುತ್ತಿರಲಿಲ್ಲ. ಮರುದಿನವೇ ಅಂಗಡಿಗೆ ಹೋದೆ.

ಮೊದಲ ವರ್ಷ ಅದು ನೆನಪಿನ ದೀಪವಷ್ಟೇ. ಹಚ್ಚುತ್ತಿದ್ದೆ, ಕೈಮುಗಿಯುತ್ತಿರಲಿಲ್ಲ. ಎರಡನೆಯ ವರ್ಷದ ಯಾವುದೋ ಒಂದು ದಿನ, ಬಾಲ್ಯದಲ್ಲಿ ಅವಳು ಬಾಯಿಪಾಠ ಮಾಡಿಸಿದ್ದ ದೀಪದ ಶ್ಲೋಕ ತಾನಾಗಿ ತುಟಿಗೆ ಬಂದಿತ್ತು, ಅರ್ಧಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ನನ್ನನ್ನು ನಾನೇ ಪ್ರಶ್ನಿಸಿಕೊಂಡೆ: ಇದು ದುಃಖದ ದೌರ್ಬಲ್ಯವೇ, ಅಭ್ಯಾಸವೇ, ವಯಸ್ಸೇ? ಮೂರೂ ಇರಬಹುದು. ಆದರೆ ದೀಪದ ಮುಂದೆ ಕುಳಿತ ಆ ಹತ್ತು ನಿಮಿಷಗಳಲ್ಲಿ ನಾನು ಯಾರಿಗೋ ಕೃತಜ್ಞತೆ ಹೇಳುತ್ತಿದ್ದೆ ಎಂಬುದು ಈ ಕಾರಣಗಳಿಂದ ಅಳಿಸಿಹೋಗುತ್ತಿರಲಿಲ್ಲ. ಬತ್ತಿಯಲ್ಲಿ ಎಣ್ಣೆ ಏರುವ ಕಾರಣ ಗೊತ್ತಿದೆಯೆಂದು ಬೆಳಕು ಕಡಿಮೆಯಾಗಲಿಲ್ಲ.

ಬುದ್ಧಿಗೆ ಉಳಿದಿದ್ದ ಒಂದು ತೊಡಕನ್ನು ಸಡಿಲಿಸಿದ್ದು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಗೆ ಅದಕ್ಕೂ ಮುಂಚೆ ಎಷ್ಟೋ ಸಲ ಹೋಗಿದ್ದೆ, ಮದನಿಕೆಯರನ್ನು ನೋಡಿಕೊಂಡು ಗರ್ಭಗುಡಿಯ ಕಡೆ ತಿರುಗದೆ ಬಂದಿದ್ದೆ. ಅಲ್ಲಿನ ಶಾಸನದ ಒಂದು ಪ್ರಸಿದ್ಧ ಶ್ಲೋಕ, ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ತರ್ಕವನ್ನು ನೆಚ್ಚಿದ ನೈಯಾಯಿಕರು ಕರ್ತೃವೆಂದು, ಜೈನರು ಅರ್ಹಂತನೆಂದು, ವೇದೋಕ್ತ ಕರ್ಮವೇ ಮುಖ್ಯವೆನ್ನುವ ಮೀಮಾಂಸಕರು ಕರ್ಮವೆಂದು ಕರೆಯುವವನು ಈ ಕೇಶವನೇ ಎನ್ನುತ್ತದೆ. ಇದನ್ನು ಸಾಮಾನ್ಯವಾಗಿ ಸಾಮರಸ್ಯದ ಮಾತಾಗಿ ಉದಾಹರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದು: ಆ ಪಟ್ಟಿಯಲ್ಲಿ ಬೌದ್ಧರು, ಜೈನರು, ಮೀಮಾಂಸಕರು ಮೂವರೂ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪದವರು. ಒಪ್ಪದವರನ್ನೂ ಹೊರಗೆ ನಿಲ್ಲಿಸದ ಬಾಗಿಲೊಂದು ನಮ್ಮ ಜಿಲ್ಲೆಯಲ್ಲೇ ಇತ್ತು. ನನ್ನ ಪ್ರಶ್ನೆಗಳನ್ನು ಹೊಸ್ತಿಲಲ್ಲಿ ಬಿಟ್ಟು ಬರಬೇಕಾಗಿಲ್ಲ ಎಂದು ಅಂದು ತಿಳಿಯಿತು.

ಮೂರನೆಯ ವರ್ಷ ಹಾಸನಾಂಬೆಯ ಸಾಲಿನಲ್ಲಿ ನಿಂತೆ. ಧರ್ಮದರ್ಶನದ ಸಾಲು, ಗಂಟೆಗಟ್ಟಲೆ ಕಾಯಬೇಕಾಯಿತು. ಹಿಂದೆ ನಿಂತಿದ್ದ ಹಳ್ಳಿಯ ಅಜ್ಜಿಯೊಬ್ಬರು ಕೈಯಲ್ಲಿ ಒಂದು ಸಣ್ಣ ಎಣ್ಣೆ ಶೀಸೆ ಹಿಡಿದಿದ್ದರು. ಒಳಗೆ ಹುತ್ತದ ರೂಪದಲ್ಲಿರುವ ಅಮ್ಮನವರ ಮುಂದೆ ನಿಲ್ಲಲು ದೊರೆತದ್ದು ಕೆಲವು ಕ್ಷಣ. ವರ್ಷವಿಡೀ ಉರಿಯಿತೆನ್ನುವ ದೀಪವನ್ನು ಹುಡುಕಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಅದರ ಬಗ್ಗೆ ನನ್ನ ಲೆಕ್ಕ ಹಾಗೆಯೇ ಇದೆ, ಯಾರಾದರೂ ಕೇಳಿದರೆ ಇಂದಿಗೂ 35 ಲೀಟರ್ ಎಂದೇ ಹೇಳುತ್ತೇನೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಎರಡೂವರೆ ಗಂಟೆ ಉರಿದು ಶಾಂತವಾಗುವ, ಮರುಸಂಜೆ ಮತ್ತೆ ಎಣ್ಣೆ ಕೇಳುವ ದೀಪ.

ಈಗಲೂ ನಂಬಿಕೆ ಇಲ್ಲದ ದಿನಗಳು ಬರುತ್ತವೆ. ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಆಗಬಾರದ ಸಾವು ಆದ ವಾರ ಪ್ರಾರ್ಥನೆ ಬಾಯಿಗೆ ಬರಲಿಲ್ಲ, ದೀಪ ಮಾತ್ರ ಹಚ್ಚಿದೆ. ಅಂಥ ದಿನಗಳಲ್ಲಿ ಈ ವಸ್ತುವಿನ ಗುಣ ಹೆಚ್ಚು ತಿಳಿಯುತ್ತದೆ: ನಾನು ಏನು ನಂಬುತ್ತೇನೆ ಎಂದು ಅದು ಕೇಳುವುದಿಲ್ಲ, ಬತ್ತಿ ಸರಿಯಾಗಿ ಹೊಸೆದಿದೆಯೇ, ಬಟ್ಟಲು ಒಣಗಿದೆಯೇ ಎಂಬಷ್ಟನ್ನೇ ಕೇಳುತ್ತದೆ.

ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು. ಬಟ್ಟಲು ಆಳವಾಗಿರಲಿ, ಅಗಲವಾಗಿ ತೆಳುವಾದ ಬಟ್ಟಲಿನಲ್ಲಿ ಎಣ್ಣೆ ತುಳುಕುತ್ತದೆ. ಪೀಠ ಭಾರವಿರಲಿ, ಮಕ್ಕಳಿರುವ ಮನೆಯಲ್ಲಂತೂ ಇದು ಅಗತ್ಯ. ತಿರುಪನ್ನು ಅಂಗಡಿಯಲ್ಲೇ ಬಿಚ್ಚಿ ಕೂರಿಸಿ ನೋಡಿ. ಹೆಚ್ಚು ಕೆತ್ತನೆಯಿದ್ದರೆ ಜಿಡ್ಡು ಸಂದಿಯಲ್ಲಿ ಕೂರುತ್ತದೆ, ಸರಳವಾದದ್ದೇ ದಿನಬಳಕೆಗೆ ಲೇಸು. ಈ ಅಂಗಡಿಯಲ್ಲಿ ಬೆಲೆ ತೂಕದ ಮೇಲೆ, ತಕ್ಕಡಿ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಹಳೆಯ ಹಿತ್ತಾಳೆಯನ್ನೂ ತೂಕಕ್ಕೆ ತೆಗೆದುಕೊಳ್ಳುತ್ತಾರೆ.

ಅಮ್ಮನ ಬಿರುಕು ಬಿಟ್ಟ ದೀಪವನ್ನು ಹಾಗೆ ಕೊಡಲು ನಾಲ್ಕು ವರ್ಷಗಳ ಹಿಂದೆ ಮನಸ್ಸು ಬಂದಿರಲಿಲ್ಲ, ಮನೆಗೆ ತಂದು ಬೀರುವಿನಲ್ಲಿಟ್ಟಿದ್ದೆ. ಹೋದ ವಾರ ಅದನ್ನು ಯಜಮಾನರಿಗೆ ತೋರಿಸಿದಾಗ, ಬೆಸುಗೆ ಹಾಕಿಸಬಹುದು, ಗುರುತು ಉಳಿಯುತ್ತದೆ, ಎಣ್ಣೆ ಮಾತ್ರ ನಿಲ್ಲುತ್ತದೆ ಎಂದರು. ಕಾರ್ತಿಕ ಹುಟ್ಟುವುದರೊಳಗೆ ಕೊಡುವುದಾಗಿ ಹೇಳಿದ್ದಾರೆ.