ಲೇಟೆಕ್‌ನಲ್ಲಿ ಕೋಡ್ ಹಾಕೋಕೆ ಯಾವುದು ವಾಸಿ: ಲಿಸ್ಟಿಂಗ್ಸ್ ಅಥವಾ ಮಿಂಟೆಡ್?

ನಾನು ಬಿಸಿಎ ಮಕ್ಕಳಿಗೆ ಪೈಥಾನ್ ಹೇಳಿಕೊಡುವವಳು. ಲ್ಯಾಬ್ ಮ್ಯಾನ್ಯುಯಲ್ ನಾನೇ ಲೇಟೆಕ್‌ನಲ್ಲಿ, ಅಂದರೆ ಕಮಾಂಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ, ಮಾಡುತ್ತೇನೆ. ಅದರಲ್ಲಿ ಕೋಡ್ ಅಚ್ಚುಕಟ್ಟಾಗಿ ಕೂರಿಸುವ ಎರಡು ಪ್ಯಾಕೇಜ್‌ಗಳೇ ಲಿಸ್ಟಿಂಗ್ಸ್ ಮತ್ತು ಮಿಂಟೆಡ್. ವಿವರಣೆ ಕನ್ನಡದಲ್ಲಿ, ಕೋಡ್ ಒಳಗಿನ ಕಮೆಂಟ್‌ಗಳೂ ಕನ್ನಡದಲ್ಲಿ. ಅರ್ಧ ಮಕ್ಕಳು ಅದನ್ನು ಜೆರಾಕ್ಸ್ ಮಾಡಿಸುತ್ತಾರೆ, ಇನ್ನರ್ಧ ಪಿಡಿಎಫ್‌ನಿಂದ ಕೋಡ್ ಕಾಪಿ ಹೊಡೆಯುತ್ತಾರೆ. ಹಾಗಾಗಿ ನನಗೆ ಬೇಕಾಗಿರುವುದು ಮೂರೇ: ಜೆರಾಕ್ಸ್‌ನಲ್ಲಿ ಓದೋಕಾಗಬೇಕು, ಕಾಪಿ ಮಾಡಿದ್ದು ಓಡಬೇಕು, ಒತ್ತಕ್ಷರ ಒಡೆಯಬಾರದು. ವರ್ಡ್‌ನಲ್ಲಿ ಕೋಡ್‌ನ ಸ್ಕ್ರೀನ್‌ಶಾಟ್ ಅಂಟಿಸುವವರ ಜೊತೆ ನನ್ನ ಜಗಳ ಬೇರೆಯೇ ಇದೆ, ಅದು ಇಲ್ಲಿ ಬೇಡ.

ಮೊದಲು ಲಿಸ್ಟಿಂಗ್ಸ್. ಕಾರ್ಸ್ಟನ್ ಹೈನ್ಸ್ 1996ರಲ್ಲಿ ಶುರು ಮಾಡಿದ ಪ್ಯಾಕೇಜ್. ಎಲ್ಲವೂ ಲೇಟೆಕ್‌ನ ಬುಡದಲ್ಲಿರುವ ಟೆಕ್ ಒಳಗೇ ನಡೆಯುತ್ತದೆ, ಹೊರಗಿನ ಯಾವ ಸಾಫ್ಟ್‌ವೇರೂ ಬೇಡ. ಇದು ದೊಡ್ಡ ಅನುಕೂಲ. ಆದರೆ ಸೆಟ್ಟಿಂಗ್ ಮುಟ್ಟದೆ ಹಾಗೇ ಬಳಸಿದರೆ ಬರುವ ಕೋಡ್ ನೋಡಿ ಬೇಜಾರಾಗುತ್ತದೆ. ಪಠ್ಯಕ್ಕಿರುವ ಮಾಮೂಲಿ ಫಾಂಟನ್ನೇ ತೆಗೆದುಕೊಂಡು, ಅಕ್ಷರಗಳನ್ನು ಸಮ ಅಂತರದ ಕಾಲಂಗಳಲ್ಲಿ ಕೂರಿಸುತ್ತದೆ. 'ವೈಲ್' ಅನ್ನುವ ಪದದ ಅಕ್ಷರಗಳು ಒಂದೊಂದೂ ದೂರ ದೂರ. ಸ್ಟ್ರಿಂಗ್ ಒಳಗಿನ ಖಾಲಿ ಜಾಗಕ್ಕೆ ತೊಟ್ಟಿಲಿನಂಥ ಒಂದು ಗುರುತು ಹಾಕುತ್ತದೆ. ಮಕ್ಕಳು ಅದನ್ನು ಅಂಡರ್‌ಸ್ಕೋರ್ ಅಂದುಕೊಂಡು ಟೈಪ್ ಮಾಡುತ್ತಾರೆ. ಲೇಟೆಕ್‌ನ ಹಳೆಯ ಎಂಜಿನ್ ಪಿಡಿಎಫ್‌ಲೇಟೆಕ್‌ನಲ್ಲಾದರೆ ನೆಟ್ಟಗಿರಬೇಕಾದ ಸಿಂಗಲ್ ಕೋಟ್ ಬಾಗಿಕೊಂಡು ಬರುತ್ತದೆ. ಕಾಪಿ ಮಾಡಿ ಓಡಿಸಿದರೆ ಪೈಥಾನ್ 'ಇನ್‌ವ್ಯಾಲಿಡ್ ಕ್ಯಾರೆಕ್ಟರ್' ಅಂತ ನಿಂತುಬಿಡುತ್ತದೆ. ಎಲ್ಲಕ್ಕೂ ಮದ್ದಿದೆ, ಈ ಸೆಟ್ಟಿಂಗ್‌ಗಳು: ಬೇಸಿಕ್‌ಸ್ಟೈಲ್‌ಗೆ ಟೈಪ್‌ರೈಟರ್ ಫಾಂಟ್, ಕಾಲಮ್ಸ್‌ಗೆ ಫುಲ್‌ಫ್ಲೆಕ್ಸಿಬಲ್, ಕೀಪ್‌ಸ್ಪೇಸಸ್, ಅಪ್‌ಕೋಟ್, ಶೋಸ್ಟ್ರಿಂಗ್‌ಸ್ಪೇಸಸ್‌ಗೆ ಫಾಲ್ಸ್. ಇಷ್ಟು ಹಾಕಿದ ಮೇಲೆ ಇಂಗ್ಲಿಷ್ ಕೋಡ್ ಚೆನ್ನಾಗೇ ಕಾಣುತ್ತದೆ.

ಕನ್ನಡದ ಹತ್ತಿರ ಬಂದಾಗ ಮಾತ್ರ ಲಿಸ್ಟಿಂಗ್ಸ್ ಕೈ ಎತ್ತುತ್ತದೆ. ಅದು ಹುಟ್ಟಿದ್ದೇ ಒಂದು ಅಕ್ಷರಕ್ಕೆ ಒಂದು ಬೈಟ್ ಅನ್ನುವ ಲೆಕ್ಕದಲ್ಲಿ. ಯೂನಿಕೋಡ್ ಬಲ್ಲ ಹೊಸ ಎಂಜಿನ್ ಲುವಾಲೇಟೆಕ್‌ನಲ್ಲಿ ಓಡಿಸಿದರೂ ಕನ್ನಡ ಅಕ್ಷರಗಳು ಜಾಗ ತಪ್ಪಿ ಹಿಂದೆ ಮುಂದೆ ಆಗುತ್ತವೆ. ಲಿಟರೇಟ್ ಆಪ್ಶನ್‌ನಲ್ಲಿ ಒಂದೊಂದೇ ಅಕ್ಷರ ಹೇಳಿಕೊಡಬಹುದು ಅಂತಾರೆ. ಫ್ರೆಂಚ್‌ನ ನಾಲ್ಕಾರು ಅಕ್ಷರಕ್ಕೆ ಅದು ಸರಿ. 'ಸ್ತ್ರೀ' ಅನ್ನೋ ಒಂದು ಅಕ್ಷರಕ್ಕೇ ಆರು ಯೂನಿಕೋಡ್ ಸಂಕೇತ ಬೇಕಾಗುವ ನಮಗೆ ಅದು ಆಗದ ಮಾತು. ಟೆಕ್ಸ್‌ಸಿಎಲ್ ಅಂತ ಇನ್ನೊಂದು ದಾರಿ ಇದೆ, ಕಮೆಂಟನ್ನು ಮಾಮೂಲಿ ಲೇಟೆಕ್ ಪಠ್ಯ ಅಂತ ಓದಿಸುವುದು. ಆಗ ಕಮೆಂಟ್ ಒಳಗೆ ಒಂದು ಅಂಡರ್‌ಸ್ಕೋರ್ ಬಂದರೂ ಡಾಲರ್ ಚಿಹ್ನೆ ಇಲ್ಲ ಅಂತ ಎರರ್ ಕೊಡುತ್ತದೆ.

ಮಿಂಟೆಡ್ ದಾರಿಯೇ ಬೇರೆ. ಕೊನ್ರಾಡ್ ರುಡಾಲ್ಫ್ ಬರೆದದ್ದು, ಈಗ ಜೆಫ್ರಿ ಪೂರ್ ನೋಡಿಕೊಳ್ಳುತ್ತಾರೆ. ಇದು ಕೋಡನ್ನು ಪಿಗ್ಮೆಂಟ್ಸ್ ಅನ್ನುವ ಪೈಥಾನ್ ಲೈಬ್ರರಿಗೆ ಕೊಟ್ಟು ಬಣ್ಣ ಹಾಕಿಸಿಕೊಂಡು ಬರುತ್ತದೆ. ಪಿಗ್ಮೆಂಟ್ಸ್‌ಗೆ ಯೂನಿಕೋಡ್ ಹೊಸದಲ್ಲ, ಕನ್ನಡ ಕಮೆಂಟ್ ಒಂದಕ್ಷರ ಅಲುಗಾಡದೆ ಬರುತ್ತದೆ. ಆದರೆ ಅಕ್ಷರ ಕಾಣಬೇಕಾದರೆ ಫಾಂಟ್‌ನಲ್ಲಿ ಇರಬೇಕಲ್ವಾ? ಕೋಡ್‌ಗೆ ಬಳಸುವ ಸಮ ಅಗಲದ ಫಾಂಟ್‌ಗಳಾದ ಇನ್‌ಕನ್ಸೊಲಾಟಾದಲ್ಲೂ ಕನ್ನಡ ಇಲ್ಲ, ದೇಜಾವು ಮೊನೊದಲ್ಲೂ ಇಲ್ಲ. ಲುವಾಲೇಟೆಕ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಫಾಲ್‌ಬ್ಯಾಕ್ (ಮೊದಲ ಫಾಂಟ್‌ನಲ್ಲಿಲ್ಲದ ಅಕ್ಷರಕ್ಕೆ ಬದಲಿ) ಮಾಡಿ, ರೆಂಡರರ್‌ಗೆ ಹಾರ್ಫ್‌ಬಝ್ (ಅಕ್ಷರಗಳನ್ನು ಜೋಡಿಸುವ ಲೈಬ್ರರಿ) ಅಂತ ಹೇಳಬೇಕು. ಆಗ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಒಂದು ಮಿತಿ ಉಳಿಯುತ್ತದೆ: ಕನ್ನಡ ಅಕ್ಷರಗಳೆಲ್ಲ ಒಂದೇ ಅಗಲ ಅಲ್ಲ. ಅದಕ್ಕೇ ಕನ್ನಡವನ್ನು ಸಾಲಿನ ಕೊನೆಯಲ್ಲಿ ಇಲ್ಲವೇ ಪ್ರತ್ಯೇಕ ಸಾಲಿನಲ್ಲಿ ಇಡುತ್ತೇನೆ. ನಡುವೆ ಬಂದರೆ ಅದರಿಂದಾಚೆಗಿನ ಕಾಲಂಗಳೆಲ್ಲ ಸೊಟ್ಟ.

ಫಾಂಟ್ ಆರಿಸುವಾಗ ಅಂದಕ್ಕಿಂತ ಮೊದಲು ಅಗಲ ನೋಡಿ. ನಮ್ಮಲ್ಲಿ ಬೈಂಡಿಂಗ್ ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಒಂದು ಇಂಚು ಬಿಡಬೇಕು. ಎ4 ಹಾಳೆಯಲ್ಲಿ ಉಳಿಯುವುದು ಸುಮಾರು 417 ಪಾಯಿಂಟ್. 10 ಪಾಯಿಂಟ್ ದೇಜಾವು ಮೊನೊದಲ್ಲಿ ಒಂದು ಅಕ್ಷರಕ್ಕೆ 6 ಪಾಯಿಂಟ್ ಬೇಕು, ಸಾಲಿಗೆ 69 ಅಕ್ಷರ ಹಿಡಿಸುತ್ತದೆ. ಅದೇ ಸೈಜಿನ ಇನ್‌ಕನ್ಸೊಲಾಟಾದಲ್ಲಿ 5 ಪಾಯಿಂಟ್, ಸಾಲಿಗೆ 83. ಪೈಥಾನ್‌ನವರ ಪೆಪ್ 8 ನಿಯಮ ಸಾಲಿಗೆ 79 ಅಕ್ಷರ ಅನ್ನುತ್ತದೆ. ನನ್ನ ಓಟು ಇನ್‌ಕನ್ಸೊಲಾಟಾಗೆ.

ಬಣ್ಣದ ವಿಷಯ ಜಾಸ್ತಿ ಹೇಳಲ್ಲ. ಪಿಗ್ಮೆಂಟ್ಸ್‌ನ ಮೊನೊಕೈ ಸ್ಟೈಲ್ ಥರದ ಕಪ್ಪು ಹಿನ್ನೆಲೆ ಸ್ಕ್ರೀನ್ ಮೇಲೆ ಚಂದ, ಪ್ರಿಂಟ್ ಕೊಟ್ಟರೆ ಟೋನರ್ ಖಾಲಿ. ಜೆರಾಕ್ಸ್‌ಗೆ ಹೋಗುವ ಪ್ರತಿಗೆ ಬಿಡಬ್ಲ್ಯೂ (ಕಪ್ಪು-ಬಿಳುಪು) ಸ್ಟೈಲ್ ಹಾಕಿ, ಬಣ್ಣದ ಬದಲು ದಪ್ಪ ಅಕ್ಷರ, ಓರೆ ಅಕ್ಷರ ಬರುತ್ತದೆ. ಒಂದು ಗುಣ ಮಾತ್ರ ಮೆಚ್ಚಿದೆ: ಪಿಗ್ಮೆಂಟ್ಸ್‌ಗೆ ಅರ್ಥವಾಗದ್ದಕ್ಕೆ ಸುತ್ತ ಕೆಂಪು ಚೌಕ ಬೀಳುತ್ತದೆ. ಯಾರೋ ವರ್ಡ್‌ನಿಂದ ಬಾಗಿದ ಕೋಟ್ ಸಮೇತ ಕಳಿಸಿದ ಪ್ರೋಗ್ರಾಂ ಅಲ್ಲೇ ಸಿಕ್ಕಿಬೀಳುತ್ತದೆ.

ಮೊದಲು ಮಿಂಟೆಡ್ ಮೇಲಿದ್ದ ದೊಡ್ಡ ದೂರು ಶೆಲ್ ಎಸ್ಕೇಪ್. ಅದನ್ನು ಆನ್ ಮಾಡಿದರೆ ಲೇಟೆಕ್ ಫೈಲು ಯಂತ್ರದ ಯಾವ ಕಮಾಂಡನ್ನು ಬೇಕಾದರೂ ಓಡಿಸಬಹುದು. ನಾನಿದ್ದ ಒಂದು ಲ್ಯಾಬಿನಲ್ಲಿ ಅದಕ್ಕೆ ಒಪ್ಪಲೇ ಇಲ್ಲ, ಅವರ ಭಯವೂ ಸುಳ್ಳಲ್ಲ. 2024ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಈ ತಲೆನೋವು ಹೋಯಿತು. ಲೇಟೆಕ್ ಎಲ್ಲವನ್ನೂ ಒಟ್ಟಿಗೆ ಕೊಡುವ ಟೆಕ್ ಲೈವ್ 2024 ಅಥವಾ ಅದಕ್ಕಿಂತ ಹೊಸದಿದ್ದರೆ ಆ ಅನುಮತಿ ಬೇಡ, ಪೈಥಾನ್ ಇದ್ದರೆ ಆಯಿತು. ಮೊದಲ ಸಲ ಓಡುವಾಗ ಕೊಂಚ ನಿಧಾನ, ಆಮೇಲೆ ಆಗಲೇ ಉಳಿಸಿಟ್ಟ ಪ್ರತಿಯಿಂದ (ಕ್ಯಾಶೆ) ತೆಗೆದುಕೊಳ್ಳುತ್ತದೆ. ಪೈಥಾನೇ ಇಲ್ಲದ ಯಂತ್ರ, ಕೋಡ್‌ನಲ್ಲಿ ಬರೀ ಇಂಗ್ಲಿಷ್ ಅಂದರೆ ಸುಮ್ನೆ ಲಿಸ್ಟಿಂಗ್ಸ್ ಬಳಸಿ. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ.

ಇಬ್ಬರೂ ಸೋಲುವ ಜಾಗ ಒಂದಿದೆ: ಇಂಡೆಂಟೇಶನ್. ಟೆಕ್ ಸಾಲಿನ ಮುಂದೆ ಬಿಡುವುದು ಬರೀ ಖಾಲಿ ಜಾಗ, ಪಿಡಿಎಫ್ ಒಳಗೆ ಅಲ್ಲಿ ಸ್ಪೇಸ್ ಅಕ್ಷರವೇ ಇರುವುದಿಲ್ಲ. ಕಾಪಿ ಮಾಡಿದರೆ ಎಷ್ಟೋ ರೀಡರ್‌ಗಳಲ್ಲಿ ಸಾಲುಗಳೆಲ್ಲ ಎಡಕ್ಕೆ ಅಂಟಿಕೊಳ್ಳುತ್ತವೆ, ಪೈಥಾನ್‌ಗೆ ಅದು ಪ್ರೋಗ್ರಾಮೇ ಅಲ್ಲ. ಸಾಲಿನ ನಂಬರ್ ಹಾಕಿದ್ದರೆ ಅದೂ ಜೊತೆಗೆ ಬರುತ್ತದೆ. ಅದಕ್ಕೆ ನಾನು ಕೋಡನ್ನು ಲೇಟೆಕ್ ಒಳಗೆ ಬರೆಯುವುದೇ ಇಲ್ಲ. ಓಡಿಸಿ ನೋಡಿದ ಪೈಥಾನ್ ಫೈಲನ್ನೇ ಮಿಂಟೆಡ್‌ನ ಇನ್‌ಪುಟ್‌ಮಿಂಟೆಡ್ ಕಮಾಂಡ್‌ನಿಂದ ಎಳೆದುಕೊಳ್ಳುತ್ತೇನೆ, ಅದೇ ಫೈಲನ್ನು ಕ್ಲಾಸ್ ವಾಟ್ಸಾಪ್ ಗ್ರೂಪಿಗೂ ಹಾಕುತ್ತೇನೆ.