ಸ್ಟಾರ್ ಟ್ರ್ಯಾಕರೋ, ವೈಡ್ ಲೆನ್ಸೋ? ಹಂಪಿಯಲ್ಲಿ ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೆನ್ಸ್‌ಗೆ. ಆಕಾಶಗಂಗೆಯ ಫೋಟೋ ಹುಚ್ಚು ಹಿಡಿದವರೆಲ್ಲ ಒಂದು ಹಂತದಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕೈಯಲ್ಲಿರುವ ದುಡ್ಡಿಗೆ ಒಂದೇ ಸಾಮಾನು ಬರುತ್ತದೆ: ನಕ್ಷತ್ರಗಳ ಜೊತೆಗೇ ಕ್ಯಾಮೆರಾವನ್ನು ನಿಧಾನಕ್ಕೆ ತಿರುಗಿಸುವ ಸ್ಟಾರ್ ಟ್ರ್ಯಾಕರ್, ಇಲ್ಲವೇ ತುಂಬ ಅಗಲದ ನೋಟವನ್ನೂ ಜಾಸ್ತಿ ಬೆಳಕನ್ನೂ ಹಿಡಿಯುವ 11-16 ಎಂಎಂ ಎಫ್ 2.8 ಥರದ ವೈಡ್ ಲೆನ್ಸ್. ಟ್ರ್ಯಾಕರನ್ನು ಬೆಂಗಳೂರಲ್ಲಿ ಬಾಡಿಗೆಗೆ ತಗೊಂಡು ಹಂಪಿ, ಆನೆಗೊಂದಿ ಕಡೆ ಹೊತ್ತುಕೊಂಡು ಹೋಗಿ ನೋಡಿದೆ. ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಕೊಂಡಿದ್ದಕ್ಕೆ ಇವತ್ತಿಗೂ ಖುಷಿಯಿದೆ.

ಟ್ರ್ಯಾಕರ್ ಕೊಡುವ ಫೋಟೋ ನುಣುಪಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬರೀ ಟ್ರೈಪಾಡ್ ಮೇಲೆ ಶಟರ್ ತೆರೆದಿಟ್ಟು 20-25 ಸೆಕೆಂಡ್ ದಾಟಿದರೆ ನಕ್ಷತ್ರಗಳು ಗೆರೆಯಾಗಲು ಶುರುವಾಗುತ್ತವೆ. ಟ್ರ್ಯಾಕರ್ ಇದ್ದರೆ ಎರಡು-ಮೂರು ನಿಮಿಷ ಶಟರ್ ತೆರೆದಿಟ್ಟು ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, 800ಕ್ಕೆ ಇಳಿಸಬಹುದು; ಫೋಟೋದಲ್ಲಿ ಕಾಳುಕಾಳು (ನಾಯ್ಸ್) ಕಮ್ಮಿಯಾಗುತ್ತದೆ.

ತೊಂದರೆ ಇರುವುದು ಅದನ್ನು ಹೊಂದಿಸುವುದರಲ್ಲಿ. ಟ್ರ್ಯಾಕರ್‌ನ ಅಕ್ಷ ಭೂಮಿಯ ಅಕ್ಷದ ದಿಕ್ಕಿಗೇ ಇರಬೇಕು, ಅಂದರೆ ಅದರ ಪುಟ್ಟ ದುರ್ಬೀನಿನಲ್ಲಿ ಧ್ರುವ ನಕ್ಷತ್ರವನ್ನು ಸರಿಯಾದ ಗುರುತಿನ ಮೇಲೆ ಕೂರಿಸಬೇಕು. ಯೂಟ್ಯೂಬ್‌ನಲ್ಲಿ ಇದನ್ನು ಎರಡೇ ನಿಮಿಷದಲ್ಲಿ ಮಾಡಿ ತೋರಿಸುವವರಲ್ಲಿ ಹೆಚ್ಚಿನವರು ಯುರೋಪ್, ಅಮೆರಿಕದವರು. ಅವರಿಗೆ ಧ್ರುವ 40-50 ಡಿಗ್ರಿ ಎತ್ತರದಲ್ಲಿರುತ್ತದೆ. ನಿಂತ ಊರಿನ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಬೆಂಗಳೂರಲ್ಲಿ 13 ಡಿಗ್ರಿ, ಹಂಪಿಯಲ್ಲಿ 15 ಚಿಲ್ಲರೆ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ, ಅಷ್ಟೇ. ಬೇಸಿಗೆಯ ಮಬ್ಬಿನಲ್ಲಿ ಅಷ್ಟು ಕೆಳಗಿರುವ ನಕ್ಷತ್ರ ಮೊದಲೇ ಮಂಕು. ಅದೂ ಹಂಪಿಯಲ್ಲಿ! ಸಪ್ತರ್ಷಿ ಮಂಡಲದ ಪುಲಹ, ಕ್ರತು ಎರಡನ್ನೂ ಹಿಡಿದು ಧ್ರುವನತ್ತ ಗೆರೆ ಎಳೆಯುತ್ತಾ ಕೆಳಗೆ ಬನ್ನಿ, ಗೆರೆ ಸೀದಾ ಹೋಗಿ ಬಂಡೆಯೊಳಗೆ ಮುಳುಗುತ್ತದೆ. ಬಂಡೆ ಇಲ್ಲದಿದ್ದರೆ ಗುಡ್ಡ, ಗುಡ್ಡ ಇಲ್ಲದಿದ್ದರೆ ತೆಂಗಿನ ತೋಟ.

ಧ್ರುವ ಕಾಣದಿದ್ದರೆ ಮೊಬೈಲ್ ಕಂಪಾಸ್ ನೋಡಿ ಉತ್ತರ ಹಿಡಿದು, ಕೋನ ಅಳೆಯುವ ಆಪ್‌ನಲ್ಲಿ 15.3 ಇಟ್ಟುಕೊಳ್ಳಿ ಅನ್ನುತ್ತಾರೆ. ಅದನ್ನೂ ಮಾಡಿ ನೋಡಿದೆ. ಟ್ರ್ಯಾಕರ್ ಪಕ್ಕಕ್ಕೆ ಮೊಬೈಲ್ ತಂದರೆ ಅದರ ಮೋಟರು, ಕಬ್ಬಿಣಕ್ಕೆ ಕಂಪಾಸ್ ಒಂದೊಂದು ಸಲ ಒಂದೊಂದು ಕಡೆ ತೋರಿಸುತ್ತದೆ. ಎರಡು ಹೆಜ್ಜೆ ದೂರ ನಿಂತು ಕಣ್ಣಳತೆಯಲ್ಲಿ ಹೊಂದಿಸಬೇಕು. ಇಂಥ ಅಂದಾಜಿನಲ್ಲಿ ವೈಡ್ ಆಗಿ ತೆಗೆದರೆ ಒಂದು ನಿಮಿಷದ ಫೋಟೋ ಸರಿಯಾಗಿಯೇ ಬರುತ್ತದೆ, ಮೂರು ನಿಮಿಷಕ್ಕೆ ನಕ್ಷತ್ರ ಮತ್ತೆ ಎಳೆದುಕೊಳ್ಳುತ್ತದೆ. ಒಂದು ನಿಮಿಷಕ್ಕೋಸ್ಕರ ಇಷ್ಟೆಲ್ಲಾ ಯಾಕೆ ಅಲ್ವಾ?

ಸಮಯದ ಲೆಕ್ಕವನ್ನೂ ನೋಡಿ. ಜೂನ್ ಬಂತೆಂದರೆ ಮೋಡ. ನಮಗೆ ಸಿಗುವುದು ಫೆಬ್ರವರಿಯಿಂದ ಮೇವರೆಗಿನ ಅಮಾವಾಸ್ಯೆಗಳು. ಮಾರ್ಚ್‌ನಲ್ಲಿ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಹುಟ್ಟುವಾಗ ರಾತ್ರಿ ಒಂದರ ಹತ್ತಿರ. ಅದೇ ದಿಕ್ಕಿನಲ್ಲಿ ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯ ಬೆಳಕು ಬೇರೆ. ಹಾಗಾಗಿ ಅದು ಆ ಬೆಳಕನ್ನು ದಾಟಿ ಮೇಲೇರುವವರೆಗೆ, ಅಂದರೆ ಮೂರು, ಮೂರೂವರೆವರೆಗೆ ಕಾಯಬೇಕು. ಐದೂಕಾಲಿಗೆ ಬೆಳಗಿನ ಬೆಳಕು ಶುರು. ಈ ಅವಧಿಯಲ್ಲಿ ಅರ್ಧ ಗಂಟೆ ಧ್ರುವನನ್ನು ಹುಡುಕುವುದಕ್ಕೇ ಹೋದರೆ ಹೊಟ್ಟೆ ಉರಿಯುತ್ತದೆ.

ನನಗೆ ಅದಕ್ಕಿಂತ ಬೇಜಾರಾಗಿದ್ದು ಜಾಗದ ವಿಷಯದಲ್ಲಿ. ಹಂಪಿಯ ಫೋಟೋದಲ್ಲಿ ಜೀವ ಇರುವುದು ಬಂಡೆಯಲ್ಲಿ. ಟ್ರೈಪಾಡ್ ಕಾಲು ಅಗಲಿಸಿ ನೆಲಮಟ್ಟಕ್ಕೆ ಇಳಿಸಿ, ಬಂಡೆಯಿಂದ ಎರಡಡಿ ದೂರದಲ್ಲಿ 11 ಎಂಎಂನಲ್ಲಿ ನೋಡಿ: ಹಗಲಲ್ಲಿ ಯಾರೂ ತಿರುಗಿ ನೋಡದ ಕಲ್ಲು ಬೆಟ್ಟದಷ್ಟಾಗಿ ಎದ್ದು ನಿಲ್ಲುತ್ತದೆ, ಅದರ ಬಿರುಕು ಆಕಾಶಗಂಗೆಯತ್ತ ಓಡುತ್ತದೆ. ಒಂದು ಅಡಿ ಎಡಕ್ಕೆ ಸರಿದರೆ ಬೇರೆಯದೇ ಚಿತ್ರ. ಲೆನ್ಸ್ ಇದ್ದಾಗ ಹೀಗೆ ಸರಿದು ಸರಿದು ಹುಡುಕಬಹುದು. ಟ್ರ್ಯಾಕರ್ ಇದ್ದಾಗ ಒಮ್ಮೆ ಹೊಂದಿಸಿದ ಮೇಲೆ ಕದಲಿಸಲು ಮನಸ್ಸೇ ಬರುವುದಿಲ್ಲ, ಜೊತೆಗೆ ಉತ್ತರ ಕಾಣುವ ಜಾಗದಲ್ಲೇ ನಿಲ್ಲಬೇಕು. ಕೊನೆಗೆ ಫ್ರೇಮ್ ಆರಿಸುವುದು ನಾವಲ್ಲ, ಟ್ರ್ಯಾಕರ್.

ಟ್ರ್ಯಾಕರ್ ತಿರುಗುವಾಗ ನೆಲ ಮಸುಕಾಗುತ್ತದೆ. ನೆಲಕ್ಕೆ ಬೇರೆ ಫೋಟೋ ತೆಗೆದು ಆಮೇಲೆ ಜೋಡಿಸಲೇಬೇಕು.

ಲೆನ್ಸ್‌ನಲ್ಲಿ ನಾನು ಮಾಡುವುದಿಷ್ಟು: 20 ಸೆಕೆಂಡ್, ಐಎಸ್‌ಒ 3200, ಒಂದೇ ಫ್ರೇಮಿನಲ್ಲಿ ಬೆನ್ನುಬೆನ್ನಿಗೆ 16 ಫೋಟೋ, ಕೊನೆಗೆ ಕ್ಯಾಮೆರಾದ್ದೇ ನಾಯ್ಸ್ ಕಳೆಯಲು ಲೆನ್ಸ್ ಮುಚ್ಚಳ ಹಾಕಿ ನಾಲ್ಕಾರು. ಮನೆಗೆ ಬಂದು ಸೀಕ್ವೇಟರ್‌ಗೆ ಹಾಕುತ್ತೇನೆ, ನಕ್ಷತ್ರಗಳನ್ನು ಹೊಂದಿಸಿ ಫೋಟೋಗಳನ್ನು ಒಂದಾಗಿ ಸೇರಿಸುವ ಸಾಫ್ಟ್‌ವೇರ್, ಅದು ಉಚಿತ. 16 ಫೋಟೋ ಸೇರಿಸಿದರೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಕಲ್ಲೂ ಚೂಪಾಗಿಯೇ ಉಳಿಯುತ್ತದೆ. ಗಾಳಿಗೆ ಅಲ್ಲಾಡುವ ತೆಂಗಿನ ಗರಿಗಳು ಮಾತ್ರ ಆಕಾಶದ ಅಂಚಿನಲ್ಲಿ ಕಲಸಿಹೋಗುತ್ತವೆ, ಅಲ್ಲಿ ಸ್ವಲ್ಪ ಕೈಕೆಲಸ ಬೇಕು.

ತೂಕ: ಟ್ರ್ಯಾಕರ್‌ಗೆ ಗಟ್ಟಿ ಟ್ರೈಪಾಡ್ ಬೇಕೇ ಬೇಕು. ಹೊರೆ ಜಾಸ್ತಿ.

ಹಗಲಲ್ಲಿ: ಲೆನ್ಸ್ ಕೆಲಸಕ್ಕೆ ಬರುತ್ತದೆ, ಟ್ರ್ಯಾಕರ್ ಚೀಲದಲ್ಲಿರುತ್ತದೆ.

ಟ್ರ್ಯಾಕರ್ ಯಾರಿಗೆ ಅಂದರೆ, ದೂರದ್ದನ್ನು ಹತ್ತಿರ ತೋರಿಸುವ 85 ಅಥವಾ 135 ಎಂಎಂ ಲೆನ್ಸ್ ಹಾಕಿ ಜ್ಯೇಷ್ಠಾ ನಕ್ಷತ್ರದ ಸುತ್ತಲಿನ ಬಣ್ಣದ ಮೋಡಗಳನ್ನೋ ಆಂಡ್ರೊಮಿಡಾ ಗೆಲಾಕ್ಸಿಯನ್ನೋ ಹಿಡಿಯುವವರಿಗೆ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಲಡಾಖ್‌ನ ಹಾನ್ಲೆಗೆ ಹೋಗುವವರೂ ಧೈರ್ಯವಾಗಿ ಒಯ್ಯಬಹುದು. 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶ, ಆದ ಜಾಗ, ಧ್ರುವ 33 ಡಿಗ್ರಿ ಮೇಲಿರುತ್ತದೆ. ಆದರೆ ಆಕಾಶಗಂಗೆಯ ನಡುಭಾಗ ಅಲ್ಲಿ 28 ಡಿಗ್ರಿಗಿಂತ ಮೇಲೇರುವುದಿಲ್ಲ, ಹಂಪಿಯಲ್ಲಿ 45ರವರೆಗೆ ಏರುತ್ತದೆ. ಈ ಭಾಗ್ಯ ನಮಗಿದೆ, ಬಳಸಿಕೊಳ್ಳೋಣ.

ನಾನು ಶುಕ್ರವಾರ ರಾತ್ರಿ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿಯುವವನು, ಕಾರಿಲ್ಲ. ಮೋಡ, ಮಬ್ಬು ಅಂತ ಬರಿಗೈಯಲ್ಲಿ ವಾಪಸ್ ಬರುವುದು ಇದ್ದದ್ದೇ. ಮತ್ತೆ ಹೋಗಬೇಕೆಂದರೆ ಚೀಲ ಹಗುರ ಇರಬೇಕು. ನಿಮ್ಮದೂ ಇದೇ ಕಥೆಯಾದರೆ ಲೆನ್ಸ್ ತಗೊಳ್ಳಿ. ಟ್ರ್ಯಾಕರ್ ಬೇಕೇ ಬೇಕು ಅನ್ನಿಸಿದರೆ ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಸಂಜೆಯೇ ಹೋಗಿ ಜಾಗ ನೋಡಿಟ್ಟುಕೊಳ್ಳಿ, ಊರಿನವರನ್ನು ಕೇಳಿಕೊಳ್ಳಿ. ಕರಡಿ, ಚಿರತೆ ಓಡಾಡುವ ಸೀಮೆ, ಒಬ್ಬರೇ ಹೋಗಬೇಡಿ.